ಬದನಿಕೆ ಅಂದಿದ್ದೆ

ಕುಂಡದಿಂದ ಹೊರಗೆ ನೇತಾಡುತ್ತಿದ್ದ ಬೂದುಬಣ್ಣದ ಬೇರುಗಳಿಗೆ ನಾನು ಕತ್ತರಿ ಹಾಕುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು. ಇದ್ದಿಲು, ತೆಂಗಿನ ಸಿಪ್ಪೆ ತುಂಬಿ ನಡುಮನೆಯ ಕಿಟಕಿಯಲ್ಲಿ ಅವಳು ಬೆಳೆಸಿದ ಆರ್ಕಿಡ್ ಅದು.

“ಮಣ್ಣಿಲ್ಲದೆ ಬದುಕೋದು ಬದನಿಕೆ ಕಣಕ್ಕ, ಇನ್ನೊಂದು ಮರದ ರಸ ಈರ್ತದೆ” ಎಂದೆ. ಗಂಡ ತೀರಿಕೊಂಡ ಮೇಲೆ ಹಳ್ಳಿಮೈಸೂರಿನ ನಮ್ಮ ಮನೆಗೆ ಬಂದ ಅವಳನ್ನೂ ಬದನಿಕೆ ಎಂದೇ ನಾನು ಎಷ್ಟೋ ಸಲ ಚುಚ್ಚಿದ್ದೆ. ಆಗೆಲ್ಲ ಸುಮ್ಮನಿದ್ದವಳು ಅಂದು ಸುಮ್ಮನಿರಲಿಲ್ಲ.

“ಇದು ಯಾವ ಮರದ ರಸಾನೂ ಈರಲ್ಲ ಕಣ್ಲಾ. ಕೂರಾಕೆ ಜಾಗ ಕೇಳ್ತದೆ ಅಷ್ಟೇಯ. ಗಾಳೀಲಿರೋ ತೇವ ಕುಡಿಯೋದೇ ಈ ಬೇರು. ಈ ಮನೇಲಿ ನಿನ್ಗಿಂತ ಮುಂಚೆ ಉಟ್ಟಿದೋಳು ನಾನು. ನಾನ್ಯಾಕ್ಲಾ ಬದನಿಕೆ?”

“ತಪ್ಪಾಯ್ತಕ್ಕ” ಎಂದೆ.

“ಮೊದ್ಲು ಕತ್ತರಿ ಮಡಗು” ಎಂದಳು.

ಈಗ ದಿನಾ ಬೆಳಿಗ್ಗೆ ಆ ಬೇರುಗಳಿಗೆ ನೀರು ಚಿಮುಕಿಸುವುದು ನನ್ನ ಕೆಲಸ. ಮೊನ್ನೆ ಬಂದ ನೆಂಟರೊಬ್ಬರು, “ನಿಮ್ಮಕ್ಕ ಇನ್ನೂ ಇಲ್ಲೇ ಅವ್ರಾ?” ಎಂದು ಕೇಳಿದರು. “ನಾನೂ ಇಲ್ಲೇ ಇವ್ನಿ, ಏನೀಗ?” ಎಂದೆ.