ಕೆಂಪು ನೂಲು ಕಟ್ಟಿದ ಗಜ್ಜರಿ

ನಮ್ಮೂರು ಮುಧೋಳದ ಬಸ್ಸಿಳಿದು ಬನಹಟ್ಟಿಯ ಗೆಳತಿ ನೀಲಕ್ಕನ ಮನೆ ಸೇರಿದೆ. ಎಳ್ಳು ಹುರಿದೆ, ಸಜ್ಜೆ ಹಿಟ್ಟು ಸೋಸಿದೆ, ನಾಳಿನ ಭೋಗಿಯ ಪಲ್ಯಕ್ಕೆ ಗಜ್ಜರಿ ಕೀಳಲು ಹಿತ್ತಲಿಗೆ ಹೋದೆ. ಮೂರು ಗಜ್ಜರಿಯ ಸೊಪ್ಪಿಗೆ ಮನೆಯ ಮಗ್ಗದ ಕೆಂಪು ನೂಲು ಕಟ್ಟಿತ್ತು. ಕೀಳಬೇಕಾದವು ಇವೇ ಎಂದುಕೊಂಡು ಮೂರನ್ನೂ ಕಿತ್ತು ತಂದೆ.

ನೀಲಕ್ಕ ಹಣೆ ಬಡಿದುಕೊಂಡಳು. “ಬೀಜಕ್ಕ ಬಿಟ್ಟಿದ್ದನ್ನ ಕಿತ್ತಿಯಲ್ಲಬೇ! ಚಳಿ ಕಳದ ಮ್ಯಾಲ ಹೂ ಬಿಡೂವು ಅವು. ಅತ್ತಿ ಕಾಲದ ಬೀಜ, ಇನ್ನೆಲ್ಲೂ ಸಿಗೂದಿಲ್ಲ.”

ಒಳಗಿಂದ ಅವಳ ಅತ್ತೆ ಚಾಕು ಹಿಡಿದು ಬಂದರು. ಗಜ್ಜರಿಗಳ ಕೆಳಗಿನ ಅರ್ಧ ಕತ್ತರಿಸಿ, ಸೊಪ್ಪು ನಾಲ್ಕು ಬೆರಳಷ್ಟು ಉಳಿಸಿ, ತಲೆಯ ಭಾಗವನ್ನು ಮತ್ತೆ ಅದೇ ಕುಣಿಯಲ್ಲಿ ಹೂತು ನೀರು ಹಾಕಿದರು.

“ಗಜ್ಜರಿಗಿ ತಲಿ ಇದ್ರ ಸಾಕು, ಬೇರು ಬಿಡತೈತಿ,” ಎಂದು ನನ್ನತ್ತ ತಿರುಗಿ ನಕ್ಕರು. “ಮುಧೋಳದವ್ರಿಗಿ ಬದಕಾಕ ತಲೀನೂ ಬೇಕಾಗೂದಿಲ್ಲ, ನೋಡು!”

“ಖರೇನ ಬದಕತಾವೇನ್ರಿ ಅತ್ತಿ?” ಎಂದು ನೀಲಕ್ಕ ಮೂರು ಸಲ ಕೇಳಿದಳು.

ಕತ್ತರಿಸಿದ ತುದಿಗಳನ್ನು ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯಾಗಿಯೇ ತಿಂದೆವು. ಸಿಹಿಯಾಗಿದ್ದವು. ಅತ್ತೆ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ನೀಲಕ್ಕ ಮತ್ತು ನಾನು ಎರಡು ಸಲ ಹಿತ್ತಲಿಗೆ ಹೋಗಿ ನೋಡಿ ಬಂದು ಮಲಗಿದೆವು.