ಬೆಕ್ಕು ಹುಡುಕಿಕೊಟ್ಟ ಹಾಡುಗಳು

ನನ್ನ ಹೆಬ್ಬೆರಳಿಗೆ ಒಂದು ಚಾಳಿಯಿದೆ. ಹೊನ್ನಾವರದ ಟೈಪಿಂಗ್ ಕ್ಲಾಸಿನಲ್ಲಿ ಸ್ಕೇಲಿನ ಏಟು ತಿಂದು ಕಲಿತದ್ದು: ಯಾವ ಚಿಹ್ನೆ ಒತ್ತಿದರೂ ಅದಾದ ಮೇಲೆ ಒಂದು ಜಾಗ ಬಿಡುವುದು. ಆ ಶಿಸ್ತಿನಿಂದಲೇ ನಾನು ಒಂದು ಮಧ್ಯಾಹ್ನ ಅಜ್ಜಿಯ ಇಪ್ಪತ್ತಮೂರು ಹಾಡುಗಳನ್ನು ಒಟ್ಟಿಗೆ ಅಳಿಸಿಹಾಕಿದೆ.

ಆಗ ಪೇಟೆಯಲ್ಲಿ ನನ್ನದೊಂದು ಲಗ್ನಪತ್ರಿಕೆ ಟೈಪ್ ಮಾಡುವ ಅಂಗಡಿಯಿತ್ತು. ಕುಮಟೆಯ ಗೆಳೆಯನೊಬ್ಬ, ಬಿಟ್ಟಿ ಸಿಗುತ್ತದೆಂದು, ನನ್ನ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ; ಅದಕ್ಕೆ ಏನು ಹೇಳುವುದಿದ್ದರೂ ಅಪ್ಪಣೆ ಟೈಪ್ ಮಾಡಿಯೇ ಹೇಳುತ್ತಿದ್ದೆ. ತೆಂಗಿನಗುಂಡಿಯ ಅಜ್ಜಿ, ಅಂದರೆ ಅಮ್ಮನ ತಾಯಿ, ಬದುಕಿಡೀ ಮೀನು ಮಾರಿದವಳು; ಅಕ್ಷರ ಬಾರದವಳು. ತನ್ನ ಕೊನೆಯ ಬೇಸಿಗೆಯಲ್ಲಿ ನಮ್ಮಲ್ಲಿ ಬಂದು ಕೂತು ಮದುವೆಯ ಹಾಡುಗಳನ್ನೆಲ್ಲ ಹೇಳಿದಳು, ನಾನು ಎಲ್ಲವನ್ನೂ ಒಂದೇ ಫೈಲಿನಲ್ಲಿ ಟೈಪ್ ಮಾಡಿಕೊಂಡೆ. ಅವಳ ವರ್ಷದ ತಿಥಿಗೆ ಅದನ್ನು ಪುಸ್ತಕ ಮಾಡಿ ಹಂಚಬೇಕೆಂದು ಅಮ್ಮನ ಹಟ. ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ನಾನು ತಿದ್ದಿದಾಗಲೆಲ್ಲ ಕಂಪ್ಯೂಟರು ತಿದ್ದುವ ಮೊದಲಿನ ಪ್ರತಿಯನ್ನು, ಫೈಲಿನ ಹೆಸರಿನ ಕೊನೆಗೆ ಅಲೆಯಂಥ ಗುರುತು ಹಾಕಿ, ಎತ್ತಿಡುತ್ತಿತ್ತು. ಆ ಕಸ ಗುಡಿಸೋಣವೆಂದು ಕೂತೆ. ಅಳಿಸುವ ಅಪ್ಪಣೆಯ ಮುಂದೆ ನಕ್ಷತ್ರದ ಗುರುತು ಒತ್ತಿ, ತಾಗಿಕೊಂಡೇ ಅಲೆ ಒತ್ತಿದರೆ ಹಳೆಯ ಪ್ರತಿಗಳು ಮಾತ್ರ ಹೋಗುತ್ತವೆ. ನಡುವೆ ಜಾಗ ಬಿಟ್ಟರೆ 'ಇಲ್ಲಿರುವುದೆಲ್ಲ' ಎಂದು ಅರ್ಥ. ಹೆಬ್ಬೆರಳು ಜಾಗ ಬಿಟ್ಟಿತು. ಲಿನಕ್ಸ್ ಮಹಾಶಯ ಹೌದೋ ಅಲ್ಲವೋ ಎಂದು ಒಂದು ಮಾತೂ ಕೇಳದೆ ಎಲ್ಲವನ್ನೂ ನುಂಗಿ ಸುಮ್ಮನಾದ.

"ಎಂತ ಆತು?" ಎಂದಳು ಅಮ್ಮ.

"ಹೋತು."

"ಎಂತ ಹೋತು?"

"ಎಲ್ಲ."

ಅಮ್ಮ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಗೆಳೆಯನಿಗೆ ಫೋನ್ ಮಾಡಿದೆ. "ಮೊದ್ಲು ಅದ್ನ ಬಂದ್ ಮಾಡು ಮಾರಾಯ. ಅದ್ರ ಮೇಲೆ ಎಂತದೂ ಬರೀಬೇಡ. ಡಿಸ್ಕ್ ಬಿಚ್ಕಂಡು ತಕಂಡ್ ಬಾ" ಎಂದ. ರೇಷನ್ ಕಾರ್ಡಿನಿಂದ ಹೆಸರು ಹೊಡೆದರೂ ಮನುಷ್ಯ ಮನೆಯಲ್ಲೇ ಇರುತ್ತಾನಲ್ಲ, ಅಳಿಸಿದ ಬರಹವೂ ಡಿಸ್ಕಿನಲ್ಲಿ ಹಾಗೇ ಇರುತ್ತದಂತೆ. ಬೇರೆ ಯಾರಾದರೂ ಬಂದು ಅಲ್ಲಿ ಕೂರುವ ಮೊದಲು ಹುಡುಕಬೇಕು.

ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಕುಮಟೆಯ ಬಸ್ಸು ಹತ್ತಿದೆವು. ಅಮ್ಮ ಅದನ್ನು ಮಡಿಲಲ್ಲೇ ಇಟ್ಟುಕೊಂಡಳು. ಕರ್ಕಿಯಲ್ಲಿ ಹತ್ತಿದ ಹೆಂಗಸು ಅದೆಂಥದ್ದೆಂದು ಕೇಳಿದಾಗ, "ನಮ್ಮಮ್ಮನ ಹಾಡು" ಎಂದುಬಿಟ್ಟಳು. ಆಕೆ ಮುಂದಿನ ಸೀಟಿಗೆ ಹೋಗಿ ಕೂತಳು.

ಗೆಳೆಯ ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಹಾಡಿನಲ್ಲಿದ್ದ ಯಾವುದಾದರೂ ಶಬ್ದ ಹೇಳು, ಇಡೀ ಡಿಸ್ಕನ್ನು ಜಾಲಾಡಿ ಅದರ ಹಿಂದೆ ಮುಂದೆ ಇರುವುದನ್ನು ಎತ್ತುತ್ತೇನೆ ಎಂದ. "ಮದುಮಗಳು" ಎಂದೆ. ಬಂದವು ನೋಡಿ, ನಾನು ಟೈಪ್ ಮಾಡಿದ ಲಗ್ನಪತ್ರಿಕೆಗಳೆಲ್ಲ ಸಾಲುಗಟ್ಟಿ! "ಅರಿಶಿನ" ಎಂದರೂ ಅವೇ. ನನ್ನ ವ್ಯಾಪಾರವೇ ನನಗೆ ಶತ್ರುವಾಗಿತ್ತು.

"ಆ ದಿನ ಬೆಕ್ಕು ಬಂಗಡೆ ಎತ್ಕಂಡ್ ಹೋಗಿತ್ತಲ" ಎಂದಳು ಅಮ್ಮ. "ಅಜ್ಜಿ ಕೂಗಿದ್ನೂ ನೀ ಬರ್ಕಂಡಿದ್ದೆ."

ಹೌದು, ನಾನು ಬೆರಳಿನ ಸೊಕ್ಕಿನಲ್ಲಿ ಅಜ್ಜಿಯ ಬಾಯಿಂದ ಬಿದ್ದದ್ದನ್ನೆಲ್ಲ ಬಡಿದಿದ್ದೆ. ಆಮೇಲೆ ತಿದ್ದಿ ತೆಗೆದಿದ್ದೆ. ಬೆಕ್ಕನ್ನೂ ಬಂಗಡೆ ಮೀನನ್ನೂ ಹೆಸರಿಸಿ ಕರೆಯುವ ಲಗ್ನಪತ್ರಿಕೆ ಊರಲ್ಲಿ ಇರಲಾರದು. "ಬಂಗಡೆ" ಎಂದು ಹುಡುಕಿದೆವು. ಒಂದೇ ಒಂದು ಬಂತು.

ಸಿಕ್ಕಿದ್ದು ನನ್ನ ಚೊಕ್ಕ ಪ್ರತಿಯಲ್ಲ, ನಾನು ಕಸವೆಂದು ಗುಡಿಸಹೊರಟಿದ್ದ ಪ್ರತಿ. ಇಪ್ಪತ್ತಮೂರೂ ಹಾಡುಗಳಿದ್ದವು, ನಡುನಡುವೆ ಅಜ್ಜಿಯೂ ಇದ್ದಳು. ಅಮ್ಮನಿಗೆ ಕನ್ನಡಕ ತರಲು ಮರೆತಿತ್ತು, ಹಾಗಾಗಿ ನಾನೇ ಗಟ್ಟಿಯಾಗಿ ಓದಿದೆ. "ಚಾಕ್ಕೆ ಸಕ್ರೆ ಹಾಕ್ಲಿಲ್ವ?" "ತಡಿ, ಮುಂದಿಂದು ಮರ್ತೋತು." ಮೂವರೂ ನಗುತ್ತಿದ್ದೆವು. ಅದೇ ಭರದಲ್ಲಿ, ಹೆಣ್ಣು ಒಪ್ಪಿಸುವ ಹಾಡಿನ ಕೆಳಗಿದ್ದುದನ್ನೂ ಓದಿದೆ. ಅಮ್ಮ ಮನೆಯಲ್ಲಿಲ್ಲದ ದಿನ ಹೇಳಿದ್ದು. ಟೈಪ್ ಮಾಡುವಾಗಲೂ ಅಳಿಸುವಾಗಲೂ ನನ್ನ ತಲೆಗೆ ಹೋಗಿರಲಿಲ್ಲ.

"ಇದ್ನ ನಿನ್ನಮ್ಮನ ಮದ್ವೆಲಿ ಹೇಳೂಕೆ ನಂಗೆ ಆಗ್ಲಿಲ್ಲ. ಬಾಯಿ ತೆಗದ್ರೆ ಅಳು ಬರ್ತಿತ್ತು. ಒಳಗೆ ಹೋಗಿ ಕೂತ್ಕಂಡೆ. ಅವ್ಳಿಗೆ ಹೇಳ್ಬೇಡ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನಾ ಅಮ್ಮಂಗೆ ನನ್ ಮೇಲೆ ಸಿಟ್ಟು ಅಂದ್ಕಂಡಿದ್ದೆ" ಎಂದಳು ಅಮ್ಮ. "ಇಷ್ಟ್ ವರ್ಷನೂ ಸಿಟ್ಟು ಅಂದ್ಕಂಡಿದ್ದೆ."

ಗೆಳೆಯ ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿದ. ಅಮ್ಮ ಏಳಲಿಲ್ಲ. "ಅದ್ನ ಇನ್ನೊಂದ್ ಸಲ ಓದು" ಎಂದಳು.