ಬೆಂಕಿಗೆ ಹೋಗದ ಪುಟ

ಬಿಬಿಯಾನಾ ತನ್ನ ಹುಟ್ಟಿನ ದಾಖಲೆಯನ್ನು ಕೈಯಾರೆ ಬೆಂಕಿಗೆ ಹಾಕಿದವಳು. ೧೯೩೬ರ ಬೇಸಿಗೆಯಲ್ಲಿ, ಸ್ಪೇನಿನ ಅಲಿಕಾಂತೆ ಬಂದರಿನ ಹಿಂದಿನ ಬೆಟ್ಟಗಳಲ್ಲಿರುವ ಬೆನಿಸಾರ್ ಎಂಬ ಊರಿನ ಜನ ಪುರಸಭೆಯ ಬೀಗ ಒಡೆದು ದಫ್ತರಗಳನ್ನೆಲ್ಲ ಚೌಕಕ್ಕೆ ತಂದು ಸುರಿದಾಗ ಅವಳಿಗೆ ಇಪ್ಪತ್ತನಾಲ್ಕು. ಯಾವ ಹೊಲ ಯಾರದು, ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂದು ನೂರು ವರ್ಷ ಬರೆದಿಟ್ಟದ್ದೆಲ್ಲ ಒಂದೇ ಸಂಜೆಯಲ್ಲಿ ಉರಿದುಹೋಯಿತು. ಇನ್ನು ಮೇಲೆ ಮನುಷ್ಯರು ಮಾತಿನ ಮೇಲೆ ಬದುಕುತ್ತಾರೆ, ಬರಹದ ಮೇಲಲ್ಲ ಎಂದು ಆ ಊರು ನಿಶ್ಚಯಿಸಿತ್ತು. ಅದೇ ಬೆಂಕಿಯ ಮುಂದೆ ಎಲಾದಿಯೊ ಎಂಬ ಬಡಗಿ ಅವಳ ಕೈ ಹಿಡಿದ. ಪಾದ್ರಿಯಿಲ್ಲ, ನ್ಯಾಯಾಧೀಶನಿಲ್ಲ, ನೆರೆದವರು ‘ಸರಿ’ ಅಂದರು, ಮದುವೆ ಮುಗಿಯಿತು. ಅರಾಜಕತಾವಾದಿಗಳಾದ ನಮ್ಮವರ ಪದ್ಧತಿ ಅದು.

೧೯೩೯ರಲ್ಲಿ ಅಂತರ್ಯುದ್ಧ ಸೋತ ಮೇಲೆ ಹಡಗು ಹತ್ತಿ ಸಮುದ್ರದ ಈಚೆಗೆ, ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ಓರಾನ್ ಪಟ್ಟಣಕ್ಕೆ ಬಂದವರಲ್ಲಿ ನನ್ನ ತಂದೆ ಹಿನೆಸ್ ಒಬ್ಬ, ಬಿಬಿಯಾನಾ ಇನ್ನೊಬ್ಬಳು. ಇಬ್ಬರೂ ಬೆನಿಸಾರಿನವರೇ. ಎಲಾದಿಯೊ ಬಂದರಿಗೆ ತಲುಪುವ ಮೊದಲೇ ಸಿಕ್ಕಿಬಿದ್ದ. ಅವನಿಗೆ ಹದಿನಾರು ವರ್ಷ ಸೆರೆಮನೆ. ಅವಳಿಗೆ ಹದಿನಾರು ವರ್ಷ ನಮ್ಮ ಮನೆಯ ಮೇಲಿನ ಕೋಣೆ. ಲಾ ಮರೀನ್ ಕೇರಿಯ ಆ ಕಟ್ಟಡದ ಕೆಳಗೆ ನನ್ನ ತಂದೆಯ ಅಂಗಡಿಯಿತ್ತು. ಅವನು ನಾರಿನ ಹುರಿ ಹೆಣೆದು ಚಪ್ಪಲಿಗೆ ಅಟ್ಟೆ ಮಾಡುತ್ತಿದ್ದ, ಅವಳು ಅದಕ್ಕೆ ಬಟ್ಟೆ ಹೊಲಿಯುತ್ತಿದ್ದಳು.

ಅವಳ ಕೋಣೆಗೆ ಉತ್ತರದ ಕಡೆ ಒಂದು ಕಿಟಕಿ. ಗಾಳಿ ತಿಳಿಯಾಗಿದ್ದ ದಿನ ಆಚೆ ದಡ ಕಾಣುತ್ತದೆ ಎಂದು ಅವಳು ಹೇಳುತ್ತಿದ್ದಳು. ಭೂಮಿಯ ಬಾಗು, ಕಿಟಕಿಯ ಎತ್ತರ, ನಡುವಿನ ದೂರ ಮೂರನ್ನೂ ಲೆಕ್ಕ ಹಾಕಿ, ಅದು ಸಾಧ್ಯವಿಲ್ಲವೆಂದು ನಾನು ಒಮ್ಮೆ ಕಾಗದದ ಮೇಲೆ ತೋರಿಸಿದೆ. ಅವಳು ಸೂಜಿ ನಿಲ್ಲಿಸದೆ ನೋಡಿದಳು.

“ನಿನ್ನ ಲೆಕ್ಕಕ್ಕೆ ಕಾಣದೇ ಇರಬಹುದು ಮಗಾ. ನನಗೆ ಕಾಣತ್ತೆ.”

ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಸೆರೆಯಿಂದ ಹೊರಬಂದರೂ ಎಲಾದಿಯೊ ಊರು ಬಿಡುವಂತಿರಲಿಲ್ಲ. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕಿತ್ತು. ಕದ್ದು ಮೀನುದೋಣಿ ಹತ್ತೋಣವೆಂದರೆ ಅವನ ಶ್ವಾಸಕೋಶ ಅಷ್ಟು ಗಟ್ಟಿಯಿರಲಿಲ್ಲ. ಅವಳು ಹೋಗೋಣವೆಂದರೆ, ಫ್ರೆಂಚರು ಕೊಟ್ಟಿದ್ದ ಚೀಟಿ ಓರಾನಿನಲ್ಲಿ ಇರುವುದಕ್ಕಷ್ಟೇ ಆಗುತ್ತಿತ್ತು, ಎಲ್ಲೆ ದಾಟುವುದಕ್ಕಲ್ಲ. ೧೯೫೮ರಲ್ಲಿ ಅವನಿಂದ ಕಾಗದ ಬಂತು. ಹೊರದೇಶದಲ್ಲಿ ಕಾನೂನಿನ ಪ್ರಕಾರ ಹೆಂಡತಿಯಿದ್ದರೆ ಅವಳನ್ನು ಸೇರಲು ಪಾಸ್‌ಪೋರ್ಟು ಕೊಡುವುದುಂಟಂತೆ. ಚೌಕದ ಮದುವೆ ಲೆಕ್ಕಕ್ಕಿಲ್ಲ. ಚರ್ಚಿನಲ್ಲಿ ಆಗಬೇಕು, ವರ ಬರಲಾಗದಿದ್ದರೆ ಅವನ ಪರವಾಗಿ ಇನ್ನೊಬ್ಬ ನಿಂತರೂ ಆದೀತು. ‘ತೀರ್ಮಾನ ನಿನ್ನದು’ ಎಂದು ಅವನು ಬರೆದಿದ್ದ.

ಸ್ಪೇನಿನ ಕಾನ್ಸುಲ್ ಕಚೇರಿಯಿದ್ದ ಬೀದಿಯಲ್ಲಿ ನಮ್ಮವರು ಹತ್ತೊಂಬತ್ತು ವರ್ಷದಿಂದ ಎದುರು ಬದಿಯಲ್ಲೇ ನಡೆಯುತ್ತಿದ್ದರು. ಮದುವೆಗೆ ಬೇಕಾದ ಕಾಗದಕ್ಕಾಗಿ ಬಿಬಿಯಾನಾ ಒಂದು ಬೆಳಿಗ್ಗೆ ಆ ಬೀದಿ ದಾಟಿದಳು. ಅಲ್ಲಿನ ಗುಮಾಸ್ತ ಮರ್ಯಾದಸ್ಥ.

“ಜನನ ಪತ್ರ ಕೊಡಿ, ಸೆನ್ಯೋರಾ.”

“ಇಲ್ಲ. ದಫ್ತರ ಸುಟ್ಟುಹೋಯ್ತು.”

“ಹಾಗಿದ್ರೆ ನೀವು ಹುಟ್ಟಿದ್ದೀರಿ ಅನ್ನೋದಕ್ಕೆ ಏನು ಸಾಕ್ಷಿ?”

“ನಿನ್ನೆದುರಿಗೆ ನಿಂತಿದ್ದೀನಲ್ಲ.”

“ಅದು ಸಾಲದು” ಎಂದ ಅವನು, ನಿಜವಾದ ವಿಷಾದದಿಂದ. ಏಕವಚನವನ್ನು ಅವನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಮ್ಮವರು ಎಲ್ಲರನ್ನೂ, ಮಂತ್ರಿಯನ್ನೂ ಸಹ, ‘ನೀನು’ ಎಂದೇ ಕರೆಯುತ್ತಾರೆಂಬುದು ಅವನಿಗೆ ಗೊತ್ತಿದ್ದಿರಬೇಕು.

ಅವಳು ಇದನ್ನು ಎಲಾದಿಯೊಗೆ ಬರೆದಳು. ಎರಡು ತಿಂಗಳ ಮೇಲೆ ಅಲಿಕಾಂತೆಯ ಹಡಗಿನ ನಾವಿಕನೊಬ್ಬ ಒಣ ಅಂಜೂರದ ಪೊಟ್ಟಣವೊಂದನ್ನು ನಮ್ಮ ಅಂಗಡಿಯಲ್ಲಿ ಇಟ್ಟುಹೋದ. ಅಂಜೂರದ ಕೆಳಗೆ ನಾಲ್ಕು ಮಡಿಕೆಯ ಒಂದು ಹಾಳೆ. ಮೇಲಂಚು ಕಂದಿತ್ತು. ೧೯೧೨ರ ಫೆಬ್ರವರಿ, ಹೆಣ್ಣು ಮಗು, ಹೆಸರು ಬಿಬಿಯಾನಾ. ಕೆಳಗೆ ಪುರಸಭೆಯ ಮುದ್ರೆ. ಜೊತೆಗೆ ಒಂದು ಚೀಟಿ: ‘ನೀನು ನಗುತ್ತಾ ಪುಸ್ತಕಗಳನ್ನು ಹೊತ್ತು ತರುತ್ತಿದ್ದಾಗ ಉರಿಯುತ್ತಿದ್ದ ಪುಸ್ತಕದಿಂದ ಇದೊಂದನ್ನು ಹರಿದು ಅಂಗಿಯೊಳಗೆ ಇಟ್ಟುಕೊಂಡೆ. ಹೇಳಲು ನಾಚಿಕೆಯಾಯಿತು. ಇಷ್ಟು ದಿನ ಅಕ್ಕನ ಮನೆಯ ಗೋಡೆಯಲ್ಲಿತ್ತು.’

ಆ ಭಾನುವಾರ ಅಂಗಡಿಯಲ್ಲಿ ಸಂಗಾತಿಗಳು ಸೇರಿದರು. ಮನೆಗಳಿಗೆ ಬಣ್ಣ ಬಳಿಯುವ ಕ್ವಿಂತೀನ್, ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದ ಎವೆಲಿಯೊ, ನನ್ನ ತಂದೆ. ನಡುವೆ ತಟ್ಟೆಯಲ್ಲಿ ಕಡಲೆಹಿಟ್ಟಿನ ಬಿಸಿ ಕಲೆಂತೀಕಾ ಇತ್ತು, ಯಾರೂ ಮುಟ್ಟಿರಲಿಲ್ಲ.

“ಕಳ್ಳ” ಎಂದ ಕ್ವಿಂತೀನ್. “ಊರೆಲ್ಲ ಸುಡ್ತಿದ್ರೆ ಇವನು ಪ್ರಭುತ್ವದ ಒಂದು ತುಂಡು ಕದ್ದು ಜೇಬಿಗೆ ಹಾಕ್ಕೊಂಡಿದಾನೆ.”

“ಅದನ್ನೇ ನಾಳೆ ಕಾನ್ಸುಲ್ ಮುಂದಿಟ್ರೆ ಕೆಲಸ ಮುಗೀತು” ಎಂದ ಎವೆಲಿಯೊ. “ಪ್ರಭುತ್ವ ಒಂದು ಏಣಿ ಇದ್ದ ಹಾಗೆ. ಹತ್ತು, ಬೇಕಾದ್ದು ತಗೋ, ಇಳಿದು ಎಸೆದುಬಿಡು.”

“ಮೂವತ್ತಾರರಲ್ಲೂ ಇದನ್ನೇ ಹೇಳಿ ನಮ್ಮವರನ್ನ ಮಂತ್ರಿ ಮಾಡಿಸಿದೆ. ಹತ್ತಿದವರು ಇಳಿದ್ರೇನಯ್ಯಾ? ಒಡೆದುಹಾಕಬೇಕಾದ ಮಡಕೆಗೆ ನೀನು ತೇಪೆ ಹಾಕ್ತೀಯ” ಎಂದ ಕ್ವಿಂತೀನ್.

ನನ್ನ ತಂದೆ ಕೈಯಲ್ಲಿದ್ದ ಹುರಿಯನ್ನು ಕೆಳಗಿಟ್ಟ. “ಪ್ರಭುತ್ವ ಒಡೆಯೋ ಮಡಕೆಯೂ ಅಲ್ಲ, ಹತ್ತೋ ಏಣಿಯೂ ಅಲ್ಲ ಕಣ್ರೋ. ನಾವು ಒಬ್ಬರನ್ನೊಬ್ಬರು ನಡೆಸ್ಕೊಳ್ಳೋ ರೀತಿ ಅದು. ರೀತಿ ಬದಲಾದ್ರೆ ತಾನಾಗೇ ಸವೆಯತ್ತೆ, ಅಟ್ಟೆ ಸವೆದ ಹಾಗೆ.”

“ಸವೆಯೋಷ್ಟರಲ್ಲಿ ನಾವೇ ಸವೆದಿರ್ತೀವಿ” ಎಂದ ಕ್ವಿಂತೀನ್.

ಕೆಳಮನೆಯ ಖೇರಾ ಒಗೆದ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಓರಾನಿನಲ್ಲಿ ಆಗ ಅವಳ ಆಲ್ಜೀರಿಯನ್ ಜನ ಫ್ರೆಂಚರ ವಿರುದ್ಧ, ತಮ್ಮದೇ ಸರ್ಕಾರಕ್ಕಾಗಿ ಸಾಯುತ್ತಿದ್ದ ಕಾಲ. ಅವಳ ತಮ್ಮನೂ ಹೋರಾಟಗಾರರ ಜೊತೆ ಬೆಟ್ಟ ಸೇರಿದ್ದ.

“ನಿಮಗೆ ಇದ್ದ ಸರ್ಕಾರ ಬೇಡವಾಯ್ತು” ಎಂದಳು ಖೇರಾ. “ನಮಗೆ ಇನ್ನೂ ಒಂದು ಬಂದೇ ಇಲ್ಲ. ಮೊದಲು ಬರಲಿ ಅಣ್ಣ, ಆಮೇಲೆ ಎಲ್ಲರೂ ಸೇರಿ ಬೇಡ ಅನ್ನೋಣ.”

ಕ್ವಿಂತೀನನೂ ನಕ್ಕ. ಬಿಬಿಯಾನಾ ನಗಲಿಲ್ಲ. ಅವಳು ಹಾಳೆಯ ಮೂಲೆಯಲ್ಲಿದ್ದ ಪುಟಸಂಖ್ಯೆಯನ್ನು ನೋಡುತ್ತಿದ್ದಳು.

“ಹಿನೆಸ್, ಇದು ಪುಸ್ತಕದಿಂದ ಹೇಗೆ ಹೊರಗೆ ಬಂತು ಅಂತ ಅವರು ಕೇಳಲ್ವಾ?”

ಎಲಾದಿಯೊನ ಸೆರೆವಾಸಕ್ಕೆ ಕಾರಣ ಬೇರೆ. ದಫ್ತರ ಸುಟ್ಟವರು ಯಾರೆಂದು ಸರ್ಕಾರಕ್ಕೆ ಇನ್ನೂ ಗೊತ್ತಿರಲಿಲ್ಲ, ಆ ಕಡತ ಇನ್ನೂ ಮುಚ್ಚಿರಲಿಲ್ಲ. ಬೂದಿಯಾದ ಪುಸ್ತಕದ ಪುಟ ಯಾರ ಕೈಯಲ್ಲಿದೆಯೋ ಅವನು ಬೆಂಕಿಯ ಹತ್ತಿರ ಇದ್ದವನೇ. ಅವಳು ಹುಟ್ಟಿದ್ದನ್ನು ತೋರಿಸಿಕೊಡುವ ಒಂದೇ ಕಾಗದ ಅವನನ್ನು ಮತ್ತೆ ಒಳಗೆ ಹಾಕಿಸುವ ಕಾಗದವೂ ಆಗಿತ್ತು.

ಅವಳು ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

“ಪ್ರಭುತ್ವದ ಮಾತು ಮುಗೀತಾ? ನನಗೆ ಬೇಕಾಗಿರೋದು ಒಬ್ಬ ಮನುಷ್ಯ. ಹಿನೆಸ್, ನನ್ನ ತೊಟ್ಟಿಲು ನೀನು ನೋಡಿದೀಯ. ಎವೆಲಿಯೊ, ನೀನು ನಮ್ಮೂರಲ್ಲಿ ಪಾಠ ಹೇಳಿದೀಯ. ಇಬ್ಬರೂ ಹೋಗಿ ಆಣೆ ಇಟ್ಟು ಹೇಳಿ, ಇವಳು ಹುಟ್ಟಿದಾಳೆ ಅಂತ.”

ಆಣೆ ಎಂಬ ಮಾತಿಗೆ ನನ್ನ ತಂದೆಯ ಮುಖ ಕಂದಿತು. ಯಾವ ಮೇಜಿನ ಮುಂದೆಯೂ ಕೈಯೆತ್ತಿ ಪ್ರಮಾಣ ಮಾಡುವುದಿಲ್ಲವೆಂದು ಅವನು ಹದಿನೆಂಟನೇ ವಯಸ್ಸಿನಲ್ಲಿ ನಿಶ್ಚಯಿಸಿದ್ದ. ಅದಕ್ಕಾಗಿ ಸೈನ್ಯದ ಸೆರೆಯನ್ನೂ ಕಂಡಿದ್ದ. ಕೆಳಗಿಟ್ಟಿದ್ದ ಹುರಿಯನ್ನು ಮತ್ತೆ ಕೈಗೆತ್ತಿಕೊಂಡು, “ಹುಟ್ಟಿದ್ದಂತೂ ನಿಜ” ಎಂದ.

“ವರನಾಗಿ ಯಾರು ನಿಲ್ತಾರೆ?” ಎಂದ ಎವೆಲಿಯೊ.

“ನಾನು” ಎಂದ ಕ್ವಿಂತೀನ್. ಎಲ್ಲರೂ ತಿರುಗಿ ನೋಡಿದರು. “ಬೇರೆ ಯಾವನಾದ್ರೂ ನಿಂತ್ರೆ ಆ ಮಂತ್ರಾನ ಅರೆಪಾಲು ನಂಬಿಬಿಟ್ಟಾನು. ನಾನಾದ್ರೆ ಒಂದಕ್ಷರಾನೂ ನಂಬಲ್ಲ.”

ಇಬ್ಬರೂ ಹೋಗಿ ಆಣೆ ಇಟ್ಟರು, ಕಚೇರಿ ಒಪ್ಪಿತು. ಹೀಗೆ ಬಿಬಿಯಾನಾಳ ಎರಡನೆಯ ಮದುವೆ ನಡೆಯಿತು, ಮೊದಲನೆಯ ಗಂಡನ ಜೊತೆಗೇ, ಅವನಿಲ್ಲದೆ. ಕ್ವಿಂತೀನ್ ಸುಣ್ಣದ ಕಲೆಯಿದ್ದ ಕೋಟು ಹಾಕಿಕೊಂಡು ಬಂದಿದ್ದ. ಪಾದ್ರಿ ಟೋಪಿ ತೆಗೆಯಲು ಹೇಳಿದಾಗ, “ನಿನ್ನದನ್ನ ನೀನು ಮೊದಲು ತೆಗಿ” ಎಂದ. ಬಿಬಿಯಾನಾ ಅವನ ಕಾಲು ತುಳಿದ ಮೇಲೆ ತೆಗೆದ. ‘ಎಲಾದಿಯೊನ ಪರವಾಗಿ ಒಪ್ಪುತ್ತೇನೆ’ ಎನ್ನಬೇಕಾದಲ್ಲಿ ಮಾತ್ರ ಅವನ ದನಿ ತಗ್ಗಿತು. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ಭುಜದ ಪಕ್ಕದಲ್ಲಿ, ಇನ್ನೂ ಸ್ವಲ್ಪ ಎತ್ತರದ ಒಬ್ಬ ಮನುಷ್ಯನ ಮುಖವಿರಬೇಕಾದ ಜಾಗವನ್ನು ನೋಡುತ್ತಿದ್ದಳು.

ಅರ್ಜಿ ಹೋಯಿತು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಆರು ತಿಂಗಳಿಗೊಮ್ಮೆ ಬಂತು. ನಾಲ್ಕು ವರ್ಷ ಹಾಗೆಯೇ ಕಳೆಯಿತು. ೧೯೬೨ರಲ್ಲಿ ಆಲ್ಜೀರಿಯಾ ಸ್ವತಂತ್ರವಾದಾಗ ಕೇರಿಗೆ ಕೇರಿಯೇ ಗಂಟು ಕಟ್ಟಿ ಹಡಗು ಹತ್ತಿತು. ಕ್ವಿಂತೀನ್ ಹೋದ, ಎವೆಲಿಯೊ ಹೋದ. ಬಿಬಿಯಾನಾ ಕದಲಲಿಲ್ಲ. ಅರ್ಜಿಯಲ್ಲಿ ಹೆಂಡತಿಯ ವಿಳಾಸವೆಂದು ಬರೆದದ್ದು ಈ ಮನೆ. ಅಪ್ಪಣೆ ಬರುವುದಾದರೆ ಇಲ್ಲಿಗೇ ಬರಬೇಕು. ಅವಳೊಬ್ಬಳನ್ನೇ ಬಿಟ್ಟು ಹೋಗಲಾರದೆ ನನ್ನ ತಂದೆಯೂ ಉಳಿದ, ನಾನೂ ಉಳಿದೆ.

“ಬಂತಲ್ಲ ನಿಮ್ಮ ಸರ್ಕಾರ. ಹೇಗಿದೆ?” ಎಂದು ಅವಳು ಖೇರಾಳನ್ನು ಕೇಳಿದಳು. ಬೆಟ್ಟಕ್ಕೆ ಹೋದ ತಮ್ಮ ಮರಳಿರಲಿಲ್ಲ.

“ಸಾಲಲ್ಲಿ ನಿಲ್ಲಿಸತ್ತೆ ಅಕ್ಕ, ಹಳೇದರ ಹಾಗೇ. ಆದ್ರೆ ಬೈಯೋದು ನಮ್ಮ ಭಾಷೇಲಿ.”

ಹೊಸ ಸರ್ಕಾರ ಬೀದಿಗಳ ಹೆಸರು ಬದಲಿಸಿತು. ನಮ್ಮ ಬೀದಿಯ ಫಲಕವನ್ನು ಕಿತ್ತ ದಿನವೇ ಬಿಬಿಯಾನಾ ಕ್ವಿಂತೀನ್ ಬಿಟ್ಟುಹೋದ ನೀಲಿ ಬಣ್ಣದ ಡಬ್ಬಿ ತೆರೆದು, ಬಾಗಿಲಿನ ಮೇಲೆ ಹಳೆಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಳು. ಬಣ್ಣ ಒಣಗುವವರೆಗೆ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ದಫ್ತರ ಸುಟ್ಟವಳು ಒಂದು ಅರ್ಜಿಯ ವಿಳಾಸವನ್ನು ಕಾಯುತ್ತಿದ್ದಾಳೆಂದು ನನ್ನ ತಂದೆ ಛೇಡಿಸಲಿಲ್ಲ.

“ಅಮ್ಮಾ, ಈ ಬೀದಿ ಈಗಿಲ್ಲ” ಎಂದ ಹೊಸ ಅಂಚೆಯವನು.

“ನಾನಿದ್ದೀನಲ್ಲ.”

೧೯೬೩ರ ಅಕ್ಟೋಬರಿನಲ್ಲಿ ಎಲಾದಿಯೊ ಬಂದ. ಪಾಸ್‌ಪೋರ್ಟು ಕೊಡುವಾಗ ಮದುವೆಯ ಕಾಗದವನ್ನು ಯಾರೂ ಕೇಳಲಿಲ್ಲವಂತೆ. ಹೊರಗೆ ಹೋಗಿ ದುಡಿಯುವವರಿಗೆ ಆಗ ಧಾರಾಳವಾಗಿ ಕೊಡತೊಡಗಿದ್ದರು. ಸಾಲಿನಲ್ಲಿ ನಿಂತ, ಸಿಕ್ಕಿತು. ನನ್ನ ತಂದೆಯ ಆಣೆಯಿಂದ ಏನಾದರೂ ಆಯಿತೇ, ಅಥವಾ ಏನೂ ಆಗದಿದ್ದರೂ ಅವನು ಅದೇ ತಿಂಗಳು ಬರುತ್ತಿದ್ದನೇ? ನಾನು ಹಲವು ಬಗೆಯಲ್ಲಿ ಯೋಚಿಸಿದ್ದೇನೆ. ಒಮ್ಮೆ ಮಾತ್ರ ನಡೆದದ್ದನ್ನು ಒರೆಗೆ ಹಚ್ಚುವ ಉಪಾಯ ನನಗೆ ತಿಳಿಯದು.

ಬಂದರಿನಲ್ಲಿ ಅವರು ಅಪ್ಪಿಕೊಳ್ಳಲಿಲ್ಲ. ಇಪ್ಪತ್ತನಾಲ್ಕು ವರ್ಷದ ಮೇಲೆ ಒಬ್ಬರನ್ನೊಬ್ಬರು ಗುರುತಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು; ಅವನು ಕುಗ್ಗಿದ್ದ, ಅವಳ ನೆನಪಿನಲ್ಲಿದ್ದಷ್ಟು ಎತ್ತರವಿರಲಿಲ್ಲ. ಮನೆಗೆ ಬಂದು ಕಾಫಿ ಕುಡಿದಾದ ಮೇಲೆ ಅವನು ಆ ಹಾಳೆಯನ್ನು ಕೇಳಿದ. ಅವಳು ತಂದಳು. ಒಲೆಯಲ್ಲಿ ಇನ್ನೂ ಕೆಂಡವಿತ್ತು.

“ಈಗ ಸುಡೋಣ್ವಾ?” ಎಂದ. “ಅವತ್ತು ಉಳಿದುಹೋಗಿದ್ದು ಇದೊಂದೇ.”

ಅವಳು ಹಾಳೆಯ ಕಂದಿದ ಅಂಚಿನ ಮೇಲೆ ಬೆರಳಾಡಿಸಿದಳು. ಆ ಚೌಕ ಈಗಿಲ್ಲ. ಅಲ್ಲಿ ‘ಸರಿ’ ಎಂದವರಲ್ಲಿ ಹೆಚ್ಚಿನವರು ಗುಂಡಿಗೆ ಬಲಿಯಾದರು, ಉಳಿದವರು ಎಲ್ಲೆಲ್ಲೋ ಚದುರಿಹೋದರು. ಮಾತಿನ ಮೇಲೆ ಬದುಕುತ್ತೇವೆ ಎಂದು ನಂಬಿದ ಊರು ಹಾಗೆ ಬದುಕಿದ್ದು ಎರಡೂವರೆ ವರ್ಷ.

“ಬೇಡ, ಇರ್ಲಿ” ಎಂದಳು. “ನಾನು ಹುಟ್ಟಿದ್ದಕ್ಕೆ ಇಬ್ಬರು ಆಣೆ ಇಟ್ಟಿದಾರೆ, ಸಾಕು. ಅವತ್ತು ಅಲ್ಲಿ ಬೆಂಕಿ ಇತ್ತು, ನೀನು ನನ್ನ ಪಕ್ಕ ನಿಂತಿದ್ದೆ ಅನ್ನೋದಕ್ಕೆ ಇದೊಂದೇ ಇರೋದು.”

ಅವಳು ಎದ್ದು ಉತ್ತರದ ಕಿಟಕಿ ತೆರೆದಳು. ಆ ದಿನ ಗಾಳಿ ತಿಳಿಯಾಗಿತ್ತು. ಇಬ್ಬರೂ ಬಹಳ ಹೊತ್ತು ಆಚೆ ದಡದ ಕಡೆಗೇ ನೋಡುತ್ತಾ ನಿಂತರು.